ನೀರು ಬರುವ ಮುಂಚೆ: ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರಿಂದ ಲೆಕ್ಕ ಶುರು ಮಾಡಿ

ಆ ರಾತ್ರಿ ನಾವೆಲ್ಲ ಮುಂಬಾಗಿಲಲ್ಲಿ ನಿಂತು ಹೊಳೆ ನೋಡುತ್ತಿದ್ದೆವು. ನೀರು ಬಂದದ್ದು ಹಿಂದಿನಿಂದ. ಬಚ್ಚಲ ತೂತಿನಲ್ಲಿ ಬುಳುಬುಳು ಮೇಲೆದ್ದು, ಅಡುಗೆಮನೆ ದಾಟಿ ಬಂದು ನಮ್ಮ ಹಿಮ್ಮಡಿ ಮುಟ್ಟಿದಾಗಲೇ ಗೊತ್ತಾಗಿದ್ದು. ನನಗಾಗ 14 ವರ್ಷ. ಎತ್ತರದಲ್ಲಿದ್ದ ಶಾಲೆಗೆ ಓಡಲು ನನಗೆ 10 ನಿಮಿಷ ಸಾಕಿತ್ತು. ಅಜ್ಜಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರ ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಮಾಡಿ ನೋಡಿದೆವು, ಓರೆ ಮಾಡಿ ನೋಡಿದೆವು. ಕೊನೆಗೆ ಕೋಣೆಯ ಕದವನ್ನೇ ಕಿತ್ತು, ಅದರ ಮೇಲೆ ಅವರನ್ನು ಮಲಗಿಸಿ, ನಾಲ್ಕು ಜನ ಹೊತ್ತರು. ಶಾಲೆ ಮುಟ್ಟುವಷ್ಟರಲ್ಲಿ 45 ನಿಮಿಷ ಕಳೆದಿತ್ತು. ಹೊತ್ತವರ ಎದೆಮಟ್ಟ ನೀರಿತ್ತು.

ಅಜ್ಜಿ ಉಳಿದರು. ಆದರೆ ನನ್ನ 10 ನಿಮಿಷ ಮತ್ತು ಅವರ 45 ನಿಮಿಷ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ನೆರೆಯಲ್ಲಿ ಜನ ಸಾಯುವುದು ಈ ಎರಡರ ನಡುವಿನ ಸಮಯದಲ್ಲಿ. ಆಮೇಲೆ ನಾನು ಮಾಡಿದ ಕೆಲಸವೆಲ್ಲ ಇದರ ಸುತ್ತಲೇ. ಹೊಳೆದಂಡೆಯ ಕೇರಿಗಳಲ್ಲಿ, ತಗ್ಗಿನ ಬಡಾವಣೆಗಳಲ್ಲಿ ಜನರ ಜೊತೆ ಕೂತು ಮಳೆಗಾಲದ ತಯಾರಿ ಮಾಡಿಸುತ್ತೇನೆ. ಒಂದು ಮನೆಯವರು ಒಬ್ಬರೇ ಮಾಡುವ ಕೆಲಸವಲ್ಲ ಇದು. 20ರಿಂದ 60 ಮನೆಗಳು ಸೇರಿದರೆ ಚೆನ್ನಾಗಿ ಆಗುತ್ತದೆ. ದುಡ್ಡು ಕಡಿಮೆ ಸಾಕು, ಸಂಜೆಗಳು ಜಾಸ್ತಿ ಬೇಕು. ಮಳೆಗಾಲಕ್ಕೆ ಮೂರು ತಿಂಗಳು ಇರುವಾಗಲೇ ಶುರು ಮಾಡಿ.

ಮೊದಲು ನೀರಿನ ದಾರಿ ಹಿಡಿಯಿರಿ

ಕಾಗದದ ಮೇಲೆ ನಕ್ಷೆ ಬರೆಯಲು ಕೂರಬೇಡಿ. ಸೀಮೆಸುಣ್ಣ, ಒಂದು ಡಬ್ಬಿ ಬಣ್ಣ, ಅಳತೆ ಪಟ್ಟಿ ಹಿಡಿದು ಕೇರಿಯಲ್ಲಿ ನಡೆಯಿರಿ. ಹಿರಿಯರು ಜೊತೆಗಿರಲಿ. ಪ್ರತಿ ಮನೆಯ ಮುಂದೆ ನಿಂತು ಎರಡೇ ಪ್ರಶ್ನೆ ಕೇಳಿ. ನೀರು ಎಲ್ಲಿಯ ತನಕ ಬಂತು? ಯಾವ ಕಡೆಯಿಂದ ಬಂತು?

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ. ಹೊಳೆ ಏರಿದಾಗ ಅದಕ್ಕೆ ಸೇರಬೇಕಾದ ಚರಂಡಿ ನೀರು ವಾಪಸ್ ನುಗ್ಗುತ್ತದೆ. ದಂಡೆ ಉಕ್ಕುವ ಮೊದಲೇ ಬಚ್ಚಲು, ಶೌಚಾಲಯ, ಮೋರಿಗಳಿಂದ ನೀರು ಮೇಲೇಳುತ್ತದೆ. ಅಂಥ ಮನೆಗಳಲ್ಲಿ ಹೊಳೆ ಕಾಯುತ್ತಾ ಕೂತರೆ ಸುಮ್ನೆ ಸಮಯ ಹಾಳು. ಅವರು ಬಚ್ಚಲ ತೂತು ನೋಡಬೇಕು. ಮರಳು ತುಂಬಿದ ಚೀಲವೊಂದನ್ನು ಅದರ ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ದಿನ ನಡೆಸಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಗಂಡಸರು ರಸ್ತೆ, ಸೇತುವೆ, ಹೊಲದ ಮಾತು ಹೇಳುತ್ತಾರೆ. ಯಾವ ಮೋರಿ ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ, ಯಾವ ಕೊಳವೆಬಾವಿ ನೀರು ಕೆಂಪಾಗುತ್ತದೆ, ಯಾವ ಮನೆಯಲ್ಲಿ ತುಂಬು ಗರ್ಭಿಣಿ ಇದ್ದಾಳೆ ಎನ್ನುವುದು ಹೆಂಗಸರಿಗೆ ಗೊತ್ತು. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಒಬ್ಬರೇ ಮಾತಾಡುತ್ತಾರೆ.

ಹಿರಿಯರು ತೋರಿಸಿದ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಎಳೆದು ಇಸವಿ ಬರೆಯಿರಿ. ಆದರೆ ಆ ಗೆರೆಯೇ ಕೊನೆ ಎಂದುಕೊಳ್ಳಬೇಡಿ. ಗಾಳಿಯ ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 7 ಶೇಕಡಾ ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಹಿಡಿದದ್ದನ್ನು ಒಮ್ಮೆಗೇ ಸುರಿಯುತ್ತದೆ. ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶದ ಮೇಲೆ ಒಟ್ಟಿಗೆ ಬೀಳುವ ಅತಿ ಭಾರಿ ಮಳೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ‘ನಮ್ಮ ತಾತನ ಕಾಲದಲ್ಲೂ ಇಷ್ಟೇ ಬಂದಿತ್ತು’ ಎನ್ನುವ ಧೈರ್ಯ ಈಗ ಸಾಲದು. ಬಾಂಗ್ಲಾದೇಶದ ನದಿಗಳ ನಡುವೆ ‘ಚರ್’ ಎನ್ನುವ ಮರಳು ದಿಬ್ಬಗಳಿವೆ. ಅಲ್ಲಿ ಮಣ್ಣು ಪೇರಿಸಿ ಮನೆಗಳನ್ನು ಎತ್ತರಿಸುವಾಗ, ಗೊತ್ತಿರುವ ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ 60 ಸೆಂ.ಮೀ. ಮೇಲೆ ಅಂಗಳ ಬರುವಂತೆ ಮಾಡಿದರು. ನಾನೂ ಅದೇ ಲೆಕ್ಕ ಹಿಡಿಯುತ್ತೇನೆ. ಹಳೆಯ ಗೆರೆಯ ಮೇಲೆ 60 ಸೆಂ.ಮೀ. ಬಿಟ್ಟು ಇನ್ನೊಂದು ಗೆರೆ. ಮುಖ್ಯವಾದ ಯಾವ ವಸ್ತುವೂ ಅದಕ್ಕಿಂತ ಕೆಳಗೆ ಇರಬಾರದು.

ಮಳೆಯನ್ನು ನೀವೇ ಅಳೆಯಿರಿ

ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ ಸಾಕು. ಮರ, ಮಾಡು ಯಾವುದೂ ಹತ್ತಿರ ಇಲ್ಲದ ಬಯಲಲ್ಲಿ ಇಡಿ. ಗಾಳಿಗೆ ಬೀಳದಂತೆ ಇಟ್ಟಿಗೆ ಒತ್ತು ಕೊಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲು ಇಳಿಸಿ ನೋಡಿ, ಬರೆದು, ಚೆಲ್ಲಿ. 1 ಮಿ.ಮೀ. ಮಳೆ ಎಂದರೆ 1 ಚದರ ಮೀಟರ್ ಜಾಗದ ಮೇಲೆ 1 ಲೀಟರ್ ನೀರು. ಈ ಕೆಲಸಕ್ಕೆ ಹೈಸ್ಕೂಲಿನ ಮಕ್ಕಳಿಗಿಂತ ಒಳ್ಳೆಯವರನ್ನು ನಾನು ಕಂಡಿಲ್ಲ. ಒಂದು ದಿನವೂ ತಪ್ಪಿಸುವುದಿಲ್ಲ.

ಹವಾಮಾನ ಇಲಾಖೆ ಹೇಳುತ್ತದಲ್ಲ, ನಾವ್ಯಾಕೆ ಅಳೆಯಬೇಕು ಎಂದು ಕೇಳುವವರಿದ್ದಾರೆ. ಇಲಾಖೆ ಜಿಲ್ಲೆಗೆ ಎಷ್ಟು ಬೀಳಬಹುದು ಎಂದು ಹೇಳುತ್ತದೆ. ನಿಮ್ಮ ಮೂಲೆಮನೆಯ ತಗ್ಗು ಎಷ್ಟು ಮಳೆಗೆ ತುಂಬುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಎರಡು ಮಳೆಗಾಲ ಬರೆದಿಟ್ಟರೆ ನೀವೇ ಹೇಳುತ್ತೀರಿ: ಒಂದೇ ದಿನ ಇಷ್ಟು ಬಿದ್ದರೆ ಮೋರಿ ಕಟ್ಟುತ್ತದೆ, ಇಷ್ಟಾದರೆ ಶಾಲೆ ದಾರಿ ಮುಚ್ಚುತ್ತದೆ. ಆಮೇಲೆ ಇಲಾಖೆಯ ಮುನ್ಸೂಚನೆಗೂ ನಿಮಗೆ ಅರ್ಥ ಬರುತ್ತದೆ.

ಮಳೆ ನಿಮ್ಮಲ್ಲಿ ಬೀಳದೆಯೂ ನೆರೆ ಬರಬಹುದು. ಅದಕ್ಕೆ ಹೊಳೆಯ ಮೇಲ್ಭಾಗದಲ್ಲಿ ಒಬ್ಬ ಪರಿಚಯಸ್ಥರು ಬೇಕು. ಅಸ್ಸಾಮಿನ ಜಿಯಾಧಲ್ ನದಿಯ ದಂಡೆಯಲ್ಲಿ ಇದನ್ನು ಚೆನ್ನಾಗಿ ಮಾಡಿದ್ದಾರೆ. ಮೇಲಿನ ಊರಲ್ಲಿ ನೀರಿನ ಮಟ್ಟ ತಿಳಿಸುವ ಸಣ್ಣ ಉಪಕರಣ. ಅದನ್ನು ನೋಡಿಕೊಳ್ಳಲು ಊರಿನದೇ ಒಂದು ಮನೆ. ಅಲ್ಲಿಂದ ಫೋನಿನಲ್ಲಿ ಕೆಳಗಿನ ಊರುಗಳಿಗೆ ಸುದ್ದಿ. ಉಪಕರಣ ಇಲ್ಲದಿದ್ದರೆ ಸೇತುವೆಯ ಕಂಬಕ್ಕೆ ಹಸಿರು, ಹಳದಿ, ಕೆಂಪು ಪಟ್ಟಿ ಬಳಿಯಿರಿ. ಹಳದಿ ಮುಟ್ಟಿತು ಎಂದು ಒಂದು ಕರೆ ಬಂದರೆ ಸಾಕು. ಒಬ್ಬರ ನಂಬರು ಮಾತ್ರ ಇಟ್ಟುಕೊಳ್ಳಬೇಡಿ, ಮೂವರದು ಇರಲಿ. ಟವರ್ ಬಿದ್ದರೆ ಬೈಕಿನಲ್ಲಿ ಯಾರು ಬರುತ್ತಾರೆ ಎನ್ನುವುದೂ ಮೊದಲೇ ಗೊತ್ತಿರಲಿ.

ಯಾರು ಯಾರ ಬಾಗಿಲು ಬಡಿಯಬೇಕು

ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಉಳಿದ ಯಾವುದನ್ನು ಮಾಡದಿದ್ದರೂ ಇದನ್ನು ಮಾಡಿ.

ಕೇರಿಯಲ್ಲಿ ತಾನಾಗಿ ಬೇಗ ನಡೆಯಲು ಆಗದವರ ಹೆಸರುಗಳನ್ನು ಬರೆಯಿರಿ. ಹಾಸಿಗೆ ಹಿಡಿದವರು, ಗಾಲಿಕುರ್ಚಿಯಲ್ಲಿ ಇರುವವರು, ಬಾಣಂತಿಯರು, ಒಂಟಿಯಾಗಿರುವ ಮುದುಕರು, ರಾತ್ರಿ ಪಾಳಿ ಕೆಲಸಕ್ಕೆ ಹೋಗುವವರ ಮಕ್ಕಳು. ಕಿವಿ ಕೇಳದವರನ್ನು ಮರೆಯಬೇಡಿ. ಸೈರನ್ ಅವರಿಗೆ ಇದ್ದೂ ಇಲ್ಲ. ಮನೆಯೊಳಗೆ ಹೋಗಿ ಮೈ ಮುಟ್ಟಿ ಎಬ್ಬಿಸುವವರು ಬೇಕು. ಬಾಡಿಗೆಗೆ ಹೊಸದಾಗಿ ಬಂದವರೂ ಪಟ್ಟಿಯಲ್ಲಿರಲಿ. ನೀರಿನ ದಾರಿ ಅವರಿಗೆ ತಿಳಿದಿರುವುದಿಲ್ಲ.

ಪ್ರತಿ ಹೆಸರಿನ ಮುಂದೆ ಇಬ್ಬರ ಹೆಸರು ಬರೆಯಿರಿ. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಮೊದಲ ವರ್ಷ ಹೀಗೇ ಆಯಿತು. ಒಬ್ಬ ಅಜ್ಜನ ಮನೆಗೆ ಹಿಂದಿನ ಬೀದಿಯವರು ಹೋಗುತ್ತಾರೆಂದು ಮುಂದಿನ ಬೀದಿಯವರು, ಮುಂದಿನವರು ಹೋಗುತ್ತಾರೆಂದು ಹಿಂದಿನವರು ಸುಮ್ಮನಿದ್ದರು. ಬೆಳಗಿನ ತನಕ ಅವರು ಅಟ್ಟದ ಮೇಲೆ ಒಬ್ಬರೇ ಕೂತಿದ್ದರು. ಆ ಪಟ್ಟಿ ಬರೆದಿದ್ದು ನಾನೇ. ಈಗ ಎರಡು ಹೆಸರು ಇಲ್ಲದೆ ಪಟ್ಟಿ ಮುಗಿಸುವುದಿಲ್ಲ.

ಆಮೇಲೆ ನಡೆದು ನೋಡಿ. ಬಾಯಲ್ಲಿ ಲೆಕ್ಕ ಹಾಕಬೇಡಿ, ಗಡಿಯಾರ ಹಿಡಿಯಿರಿ. ಪಟ್ಟಿಯಲ್ಲಿ ಎಲ್ಲರಿಗಿಂತ ನಿಧಾನದವರನ್ನು ನಿಜವಾಗಿ ಕರೆದುಕೊಂಡು, ಅವರ ಮಂಚದಿಂದ ಎತ್ತರದ ಜಾಗದವರೆಗೆ ಹೋಗಿ. ಬಾಗಿಲಲ್ಲಿ ಏನು ಹಿಡಿಸುತ್ತದೆ ನೋಡಿ. ಬಂದ ನಿಮಿಷಗಳನ್ನು ದುಪ್ಪಟ್ಟು ಮಾಡಿ, ಏಕೆಂದರೆ ನಿಜವಾದ ದಿನ ಕತ್ತಲಿರುತ್ತದೆ, ಮಳೆ ಇರುತ್ತದೆ, ಯಾರೋ ಅಳುತ್ತಿರುತ್ತಾರೆ. ಆ ಸಮಯವೇ ಇಡೀ ಕೇರಿಯ ಸಮಯ. 30 ನಿಮಿಷ ಬಂದರೆ, ದಾರಿ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಎಲ್ಲರೂ ಹೊರಡಬೇಕು. ಕಂಬದ ಹಳದಿ ಪಟ್ಟಿ ಎಲ್ಲಿರಬೇಕು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ನೀರಿಗೆ ಇಳಿದು ದಾಟೋಣ ಎನ್ನುವವರಿಗೆ ಒಂದು ಮಾತು. ರಭಸದಿಂದ ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಕಣಕಾಲಿನಿಂದ ಸ್ವಲ್ಪ ಮೇಲೆ, ಅಷ್ಟೇ. 30 ಸೆಂ.ಮೀ. ನೀರಿಗೆ ಸಣ್ಣ ಕಾರು ತೇಲಿ ಹೋಗುತ್ತದೆ. ಕೆಸರು ನೀರಿನಡಿ ಮೋರಿಯ ಮುಚ್ಚಳ ಎದ್ದುಹೋಗಿದ್ದರೆ ಕಾಣುವುದೂ ಇಲ್ಲ.

ಇಷ್ಟು ಹೇಳಿದರೂ ಕೆಲವರು ಮನೆ ಬಿಡುವುದಿಲ್ಲ. ಅವರನ್ನು ಮೊಂಡರು ಎಂದು ಬೈಯಬೇಡಿ, ಕಾರಣ ಕೇಳಿ. ಬಂಗಾಳ ಕೊಲ್ಲಿಯ ಕರಾವಳಿ ಈ ಪಾಠವನ್ನು ತುಂಬ ದೊಡ್ಡ ಬೆಲೆ ಕೊಟ್ಟು ಕಲಿತಿದೆ. 1970ರ ಭೋಲಾ ಚಂಡಮಾರುತದಲ್ಲಿ ಈಗಿನ ಬಾಂಗ್ಲಾದೇಶದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಸತ್ತರು. 1972ರಲ್ಲಿ ಅಲ್ಲಿ ಸ್ವಯಂಸೇವಕರ ಪಡೆ ಶುರುವಾಯಿತು. ಕೈಯಲ್ಲಿ ಬಾವುಟ, ಮೆಗಾಫೋನು, ಸೈಕಲ್ಲು. ಮನೆ ಮನೆಗೆ ಹೋಗಿ ಹೇಳುವ ಕೆಲಸ. ಆದರೂ 1991ರ ಚಂಡಮಾರುತದಲ್ಲಿ ಸುಮಾರು 1,38,000 ಜನ ಸತ್ತರು, ಅದರಲ್ಲಿ ಹೆಂಗಸರು ಜಾಸ್ತಿ. ಆಶ್ರಯ ಕಟ್ಟಡಗಳು ಸಾಲುತ್ತಿರಲಿಲ್ಲ. ಇದ್ದಲ್ಲಿಯೂ ಹೆಂಗಸರಿಗೆ ಬೇರೆ ಜಾಗ ಇರಲಿಲ್ಲ, ದನಗಳನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ. ಆಮೇಲೆ ಕಟ್ಟಿದ ಆಶ್ರಯಗಳಲ್ಲಿ ಹೆಂಗಸರಿಗೆ ಕೋಣೆ, ಶೌಚಾಲಯ, ದನಗಳಿಗೆ ಎತ್ತರದ ಜಾಗ ಬಂದವು. 2007ರ ಸಿಡರ್ ಭಾರಿ ಚಂಡಮಾರುತವೇ ಆಗಿತ್ತು, ಸತ್ತವರು ಸುಮಾರು 3,400. ಒಡಿಶಾದಲ್ಲೂ ಹೀಗೇ. 1999ರ ಚಂಡಮಾರುತದಲ್ಲಿ ಸುಮಾರು 10,000 ಸಾವು. 2013ರ ಫೈಲಿನ್‌ ಚಂಡಮಾರುತದ ಹೊತ್ತಿಗೆ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರ ಮಾಡಿದ್ದರಿಂದ ಸಾವು 50 ದಾಟಲಿಲ್ಲ.

ಹಾಗಾಗಿ ನಿಮ್ಮ ಎತ್ತರದ ಜಾಗಕ್ಕೆ ಈಗಲೇ ಹೋಗಿ ನೋಡಿ. ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ? ರಾತ್ರಿ ಅಲ್ಲಿಗೆ ಬೆಳಕು ಇದೆಯಾ? ಮೆಟ್ಟಿಲ ಪಕ್ಕ ಗಾಲಿಕುರ್ಚಿ ಏರುವ ಇಳಿಜಾರು ಇದೆಯಾ? ಬೀಗದ ಕೈ ಯಾರ ಹತ್ತಿರ ಇದೆ, ಅವರು ಊರಲ್ಲಿ ಇರದಿದ್ದರೆ? ದನ, ಆಡುಗಳನ್ನು ಎಲ್ಲಿ ಕಟ್ಟುತ್ತೀರಿ? ಖಾಲಿ ಮನೆಗಳ ಕಡೆ ಕಣ್ಣಿಡಲು ಎತ್ತರದ ಮನೆಯ ಇಬ್ಬರು ಒಪ್ಪಿದ್ದಾರಾ? ಇವುಗಳಿಗೆ ಉತ್ತರ ಇದ್ದರೆ ಜನ ತಾವಾಗಿಯೇ ಹೊರಡುತ್ತಾರೆ.

ಮನೆ

ಹೊಸದಾಗಿ ಕಟ್ಟುವವರು ಅಡಿಪಾಯವನ್ನು ಮೇಲಿನ ಗೆರೆಗೆ ಎತ್ತರಿಸಿ. ಮಣ್ಣಿನ ದಿಬ್ಬವಾದರೆ ಪಕ್ಕಗಳನ್ನು ಕಡಿದಾಗಿ ಬಿಡದೆ ಇಳಿಜಾರು ಮಾಡಿ ಹುಲ್ಲು ನೆಡಿ. ಲಾವಂಚ ಇದಕ್ಕೆ ಬಹಳ ಒಳ್ಳೆಯದು. ಅದರ ಬೇರು ನೆಟ್ಟಗೆ ಕೆಳಗೆ 3 ಮೀಟರ್‌ವರೆಗೂ ಇಳಿದು ಮಣ್ಣು ಹಿಡಿಯುತ್ತದೆ. ಅಸ್ಸಾಮಿನ ಮಿಸಿಂಗ್ ಜನ ಬಿದಿರ ಕಂಬಗಳ ಮೇಲೆ ‘ಚಾಂಗ್ ಘರ್’ ಕಟ್ಟುತ್ತಾರೆ. ನೀರು ಮನೆಯ ಅಡಿಯಲ್ಲಿ ಹರಿದು ಹೋಗುತ್ತದೆ. ನೀರಿಗೆ ದಾರಿ ಬಿಡುವ ಆ ಜಾಣತನ ನನಗೆ ತುಂಬ ಇಷ್ಟ. ಗೋಡೆ ಕಟ್ಟಿ ತಡೆದ ನೀರು ಪಕ್ಕದ ಮನೆಗೇ ಹೋಗುತ್ತದೆ, ಅಲ್ವಾ?

ಇರುವ ಮನೆಗೆ ಮಾಡಬಹುದಾದದ್ದೂ ಬೇಕಾದಷ್ಟಿದೆ. ಸ್ವಿಚ್ ಬೋರ್ಡುಗಳನ್ನು ಗೆರೆಯ ಮೇಲಕ್ಕೆ ಏರಿಸಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಮಕ್ಕಳಿಗೂ ತೋರಿಸಿ. ನೀರಲ್ಲಿ ನಿಂತು ಅದನ್ನು ಮುಟ್ಟಬಾರದು, ನೀರು ಬರುವ ಮೊದಲೇ ಇಳಿಸಬೇಕು. ಗಟ್ಟಿ ಅಟ್ಟ ಒಂದಿರಲಿ. ಗುರುತಿನ ಚೀಟಿ, ಜಮೀನಿನ ಪತ್ರ, ಪಾಸ್‌ಬುಕ್, ಔಷಧ ಚೀಟಿ ಎಲ್ಲ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ, ಒಂದರೊಳಗೊಂದು. ಅವುಗಳ ಫೋಟೋ ದೂರದ ನಂಟರೊಬ್ಬರ ಫೋನಿನಲ್ಲಿ. ದಿನವೂ ತೆಗೆದುಕೊಳ್ಳಬೇಕಾದ ಮಾತ್ರೆಗಳು ಎರಡು ವಾರಕ್ಕೆ ಸಾಕಾಗುವಷ್ಟು. ಬಿತ್ತನೆ ಬೀಜ ಗಾಳಿಯಾಡದ ಡಬ್ಬಿಯಲ್ಲಿ, ಅಟ್ಟದ ಮೇಲೆ. ನೆರೆಯಲ್ಲಿ ಬೀಜ ಕಳೆದುಕೊಂಡವರು ಮುಂದಿನ ವರ್ಷವನ್ನೂ ಕಳೆದುಕೊಳ್ಳುತ್ತಾರೆ.

ಕುಡಿಯುವ ನೀರು, ಹೊಟ್ಟೆ

ನೀರು ಇಳಿದ ಮೇಲೆ ಬರುವ ಭೇದಿ ಮಕ್ಕಳಿಗೆ ನೆರೆಯಷ್ಟೇ ಅಪಾಯ. ಮುಳುಗಿದ ಬಾವಿಯ ನೀರನ್ನು ಶುದ್ಧ ಮಾಡಿಸುವ ತನಕ ಕುಡಿಯಬೇಡಿ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಡಿ. ಸೌದೆ ಇಲ್ಲ, ಬಿಸಿಲು ಇದೆ ಎಂದರೆ, ತಿಳಿಯಾದ ನೀರನ್ನು 2 ಲೀಟರ್‌ವರೆಗಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 6 ಗಂಟೆ ನೇರ ಬಿಸಿಲಲ್ಲಿ ಮಲಗಿಸಿ. ಅರ್ಧಕ್ಕಿಂತ ಹೆಚ್ಚು ಮೋಡ ಇದ್ದರೆ 2 ದಿನ. ಬಿಡದೆ ಮಳೆ ಸುರಿಯುವಾಗ, ಅಥವಾ ನೀರು ಕೆಸರಾಗಿರುವಾಗ, ಇದು ನಡೆಯುವುದಿಲ್ಲ. ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದ ಮೇಲೆ ಬರೆದ ಅಳತೆಗೆ ಹಾಕಿ, ಅರ್ಧ ಗಂಟೆ ಕಾದು ಕುಡಿಯಿರಿ.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು, ಮಗುವಿಗೆ ಅಪಾಯ. ಈ ಅಳತೆಯನ್ನು ಆಶ್ರಯದ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿಡಿ. ಕಾಲಿಗೆ ಗಾಯ ಇದ್ದವರು ನೆರೆ ನೀರಲ್ಲಿ ಓಡಾಡಬೇಡಿ, ಇಲಿಜ್ವರ ಹಾಗೆಯೇ ಹತ್ತುತ್ತದೆ. ಕೆಸರು ಬಳಿಯುವಾಗ ಬೂಟು ಹಾಕಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ನೆರೆ ನೀರು ತುಳಿದದ್ದನ್ನು ವೈದ್ಯರಿಗೆ ಹೇಳಿ.

ಹೊಲಕ್ಕೆ ಒಮ್ಮೆ ಹೆಚ್ಚು, ಒಮ್ಮೆ ಇಲ್ಲವೇ ಇಲ್ಲ

ಈಗಿನ ಮಳೆಯ ಕಷ್ಟ ಬರೀ ನೆರೆಯಲ್ಲ. ಒಂದು ತಿಂಗಳ ಮಳೆ ಎರಡು ದಿನಕ್ಕೆ ಬಿದ್ದು, ಆಮೇಲೆ ಮೂರು ವಾರ ಮೋಡ ಕಾಣುವುದಿಲ್ಲ. ಎರಡಕ್ಕೂ ಒಟ್ಟಿಗೆ ಯೋಚಿಸಬೇಕು.

ತಗ್ಗಿನ ಗದ್ದೆಗೆ ಸ್ವರ್ಣ ಸಬ್-1 ಭತ್ತ ನೋಡಿ. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ತಳಿ. ಅದರೊಳಗಿನ ಗುಣ ಬಂದದ್ದು ಒಡಿಶಾದ ರೈತರ ಹಳೆಯ ಭತ್ತದಿಂದ. ಸಾಮಾನ್ಯ ಭತ್ತ ಮುಳುಗಿದಾಗ ಉಸಿರಿಗಾಗಿ ಉದ್ದಕ್ಕೆ ಬೆಳೆದು ಶಕ್ತಿಯೆಲ್ಲ ಕಳೆದುಕೊಳ್ಳುತ್ತದೆ. ಇದು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕಾಯುತ್ತದೆ, ಸುಮಾರು ಎರಡು ವಾರ ಮುಳುಗಿದ್ದರೂ ನೀರು ಇಳಿದ ಮೇಲೆ ಚಿಗುರುತ್ತದೆ. ತಿಂಗಳುಗಟ್ಟಲೆ ಮೊಣಕಾಲುದ್ದ ನೀರು ನಿಲ್ಲುವ ಗದ್ದೆಗೆ ಇದು ಉತ್ತರವಲ್ಲ. ಅಲ್ಲಿ ಆಳನೀರಿನ ಹಳೆಯ ತಳಿಗಳೇ ಸರಿ.

ನೀರೇ ಇಳಿಯದ ಕಡೆ ಬಾಂಗ್ಲಾದೇಶದ ದಕ್ಷಿಣ ಜಿಲ್ಲೆಗಳವರು ಅಂತರಗಂಗೆ ಕಳೆಯನ್ನು ಪದರ ಪದರವಾಗಿ ಪೇರಿಸಿ ತೇಲುವ ಮಡಿ ಮಾಡುತ್ತಾರೆ. ಅದರ ಮೇಲೆ ತರಕಾರಿ, ಸಸಿ. ನೀರು ಏರಿದರೆ ಮಡಿಯೂ ಏರುತ್ತದೆ. ನೀರು ಇಳಿದ ಮೇಲೆ ಅದೇ ಗೊಬ್ಬರ. 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಗತ್ತಿನ ಮುಖ್ಯ ಕೃಷಿ ಪರಂಪರೆಗಳ ಸಾಲಿಗೆ ಸೇರಿಸಿತು. ನಿಂತ ನೀರಿಗೆ ಮಾತ್ರ ಇದು ಹೊಂದುತ್ತದೆ. ಅಂತರಗಂಗೆ ಇಲ್ಲದ ಕೆರೆಗೆ ದಯವಿಟ್ಟು ಅದನ್ನು ತಂದು ಬಿಡಬೇಡಿ, ಕೆರೆಯನ್ನೇ ನುಂಗುತ್ತದೆ. ಕೋಳಿ ಸಾಕುವವರು ಜೊತೆಗೆ ಕೆಲವು ಬಾತು ಸಾಕಿದರೆ ಒಳ್ಳೆಯದು. ನೀರು ಬಂದ ದಿನ ಅವು ತೇಲುತ್ತವೆ.

ಒಣ ವಾರಗಳಿಗೆ ಬುರ್ಕಿನಾ ಫಾಸೊ ದೇಶದ ಗುಂಡಿ ಬೇಸಾಯ ನೋಡಿ. ಯಾಕೂಬಾ ಸವಾಡೊಗೊ ಎಂಬ ರೈತ ಹಳೆಯ ‘ಜಾಯ್’ ಪದ್ಧತಿಯನ್ನು ಉತ್ತಮಪಡಿಸಿ ಸತ್ತುಹೋದ ನೆಲದಲ್ಲಿ ಬೆಳೆ ತೆಗೆದರು, ಕಾಡನ್ನೂ ಬೆಳೆಸಿದರು. 20ರಿಂದ 40 ಸೆಂ.ಮೀ. ಅಗಲ, 10ರಿಂದ 20 ಸೆಂ.ಮೀ. ಆಳದ ಗುಂಡಿಗಳನ್ನು ಬೇಸಿಗೆಯಲ್ಲೇ ತೋಡಿ ಗೊಬ್ಬರ ಹಾಕಿಡುವುದು. ಮೊದಲ ಮಳೆ ಹರಿದು ಹೋಗದೆ ಗುಂಡಿಯಲ್ಲೇ ಇಂಗುತ್ತದೆ. ಗಟ್ಟಿಯಾದ ಒಣ ನೆಲಕ್ಕೆ ಇದು. ನೀರು ನಿಲ್ಲುವ ನೆಲಕ್ಕಲ್ಲ. ಇನ್ನೊಂದು ಸುಲಭದ ಕೆಲಸ: ಎಲ್ಲ ಬೀಜವನ್ನೂ ಒಂದೇ ವಾರ ಬಿತ್ತಬೇಡಿ. ಎರಡು ಮೂರು ಕಂತಿನಲ್ಲಿ ಬಿತ್ತಿ.

ಹಣ ಮೊದಲೇ ಕೈಗೆ ಬರಲಿ

ದೋಣಿಗೆ, ವಾಹನಕ್ಕೆ, ದನಗಳ ಮೇವಿಗೆ ದುಡ್ಡು ಬೇಕಾಗುವುದು ನೀರು ಬರುವ ಹಿಂದಿನ ದಿನ. 2020ರ ಜುಲೈಯಲ್ಲಿ ವಿಶ್ವಸಂಸ್ಥೆ ಬಾಂಗ್ಲಾದೇಶದಲ್ಲಿ ಮುನ್ಸೂಚನೆ ನೋಡಿಯೇ, ನೆರೆ ತುದಿ ಮುಟ್ಟುವ ಮೊದಲೇ ಕುಟುಂಬಗಳಿಗೆ ಹಣ ಕಳಿಸಿತು. ಕೇರಿಯ ಉಳಿತಾಯ ಗುಂಪೂ ಹೀಗೆ ಮಾಡಬಹುದು. ಹಳದಿ ಪಟ್ಟಿ ಮುಟ್ಟಿದ ದಿನ, ಸಭೆ ಸೇರದೆ, ಸಹಿ ಕಾಯದೆ, ಪಟ್ಟಿಯ ಮೊದಲ ಮನೆಗಳಿಗೆ ಗೊತ್ತಾದ ಮೊತ್ತ ಕೊಡಬೇಕು ಎಂದು ಈಗಲೇ ಬರೆದು ಒಪ್ಪಿಕೊಳ್ಳಿ. ಆ ರಾತ್ರಿ ಚರ್ಚೆಗೆ ಹೊತ್ತು ಇರುವುದಿಲ್ಲ.

ಮನೆ, ದನ, ಬೆಳೆಯ ಫೋಟೋ ಮಳೆಗಾಲಕ್ಕೆ ಮೊದಲೊಮ್ಮೆ ತೆಗೆದಿಡಿ. ನೀರು ಇಳಿದ ಮೇಲೆ ಕೆಸರು ಬಳಿಯುವ ಮೊದಲು ಇನ್ನೊಮ್ಮೆ. ಪರಿಹಾರ ಕೇಳುವಾಗ ಎರಡೂ ಬೇಕು. ನಮ್ಮ ಮನೆಯಲ್ಲಿ ಅಮ್ಮ ಬೆಳಗಾಗುವಷ್ಟರಲ್ಲಿ ಎಲ್ಲ ತೊಳೆದುಬಿಟ್ಟಿದ್ದರು. ನೋಡಲು ಬಂದವರಿಗೆ ತೋರಿಸಲು ಏನೂ ಉಳಿದಿರಲಿಲ್ಲ.

ಪಟ್ಟಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಬೇಕು. ಕಳೆದ ವರ್ಷ ಓಡುತ್ತಿದ್ದವರು ಈ ವರ್ಷ ಕೋಲು ಹಿಡಿದಿರುತ್ತಾರೆ. ನಮ್ಮ ಈ ಸಲದ ಪಟ್ಟಿಯಲ್ಲಿ ಮೊದಲ ಹೆಸರು ಮೂಲೆಮನೆಯ ಬಾಣಂತಿಯದು. ಅವಳಿಗೆ ಆಪರೇಷನ್ ಆಗಿದೆ, ಅವಳಿ ಮಕ್ಕಳು. ಮೊನ್ನೆ ಭಾನುವಾರ ಅವಳ ಜೊತೆ ಶಾಲೆಯವರೆಗೆ ನಡೆದೆವು. ಮಕ್ಕಳನ್ನು ಇಬ್ಬರು ಎತ್ತಿಕೊಂಡರು. ಎರಡು ಕಡೆ ಅವಳು ಕೂತು ಸುಧಾರಿಸಿಕೊಂಡಳು. 26 ನಿಮಿಷ ಹಿಡಿಯಿತು. ಮಾರನೆ ದಿನ ಸೇತುವೆಯ ಕಂಬದ ಹಳದಿ ಪಟ್ಟಿಯನ್ನು ಒಂದು ಗೇಣು ಕೆಳಗೆ ಇಳಿಸಿ ಬಳಿದೆವು.